ನನಗೆ ಇದೆ, ನಾನು ಅಲ್ಲ: ತೋಳಿನ ಸೆನ್ಸರ್ ಬರೆಯುವ ಪಠ್ಯ

ಕನ್ನಡದಲ್ಲಿ ಕಾಯಿಲೆಗಳು ಬರುತ್ತವೆ, ಇರುತ್ತವೆ, ಹೋಗುತ್ತವೆ. ‘ನನಗೆ ಜ್ವರ ಬಂದಿದೆ’, ‘ಅವರಿಗೆ ಬಿ.ಪಿ. ಇದೆ’, ‘ನಮ್ಮಪ್ಪನಿಗೆ ಶುಗರ್ ಬಂತು’. ಈ ವಾಕ್ಯಗಳಲ್ಲಿ ಕರ್ತೃವಿನ ಜಾಗದಲ್ಲಿ ಕೂತಿರುವುದು ಕಾಯಿಲೆ. ಮನುಷ್ಯರು ‘ಗೆ’ ಪ್ರತ್ಯಯ ಹಚ್ಚಿಕೊಂಡು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿರುತ್ತಾರೆ. ಹಸಿವು, ನಿದ್ದೆ, ಸಿಟ್ಟು, ನೆನಪು ಎಲ್ಲಕ್ಕೂ ಇದೇ ವ್ಯಾಕರಣ. ನಮ್ಮ ಕೈಯಲ್ಲಿ ಪೂರ್ತಿ ಇಲ್ಲದ ಸಂಗತಿಗಳನ್ನು ಹೇಳಲು ಭಾಷೆ ಮಾಡಿಕೊಂಡ ಏರ್ಪಾಡು ಇದು ಎಂದು ನನಗನ್ನಿಸುತ್ತದೆ.

ತೋಳಿಗೆ ಗ್ಲೂಕೋಸ್ ಸೆನ್ಸರ್ ಅಂಟಿಸಿಕೊಂಡ ಮೇಲೆ ಈ ವ್ಯಾಕರಣ ಬದಲಾಗುವುದನ್ನು ನೋಡುತ್ತಿದ್ದೇನೆ. ನನ್ನಂತೆಯೇ ಟೈಪ್ 1 ಮಧುಮೇಹ ಇರುವ ಗೆಳೆಯ ಗೆಳತಿಯರು ಮಾತಾಡುವುದು ಹೀಗೆ: ‘ನಾನೀಗ 240’, ‘ಬೆಳಿಗ್ಗೆಯಿಂದ ನಾನು ಹೈ’, ‘ಇರು, ನಾನು ಲೋ ಆಗ್ತಿದೀನಿ’. ‘ನನಗೆ’ ಹೋಗಿ ‘ನಾನು’ ಬಂದಿದೆ. ಇಂಗ್ಲಿಷಿನ ಪ್ರಭಾವ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಈ ಬದಲಾವಣೆಯ ಹಿಂದೆ ಸೆನ್ಸರ್ ಬರೆಯುವ ಪಠ್ಯವೂ ಇದೆ, ಆ ಪಠ್ಯವನ್ನು ಓದಲು ನಮಗೆ ಕಲಿಸಿರುವ ರೀತಿಯೂ ಇದೆ. ಸಾಹಿತ್ಯದ ವಿದ್ಯಾರ್ಥಿಯಾಗಿ ಆ ಪಠ್ಯವನ್ನು ವಿಮರ್ಶೆಗೆ ಒಡ್ಡಬೇಕೆಂಬುದು ಈ ಬರಹದ ಆಸೆ.

ಮೊದಲು ಪಠ್ಯ ಹುಟ್ಟುವ ಬಗೆ. ಸೆನ್ಸರ್ ಎಂದರೆ ದೊಡ್ಡ ನಾಣ್ಯದಷ್ಟು ಅಗಲದ ಬಿಲ್ಲೆ. ತೋಳಿನ ಹಿಂಭಾಗಕ್ಕೆ ಅಂಟಿಕೊಳ್ಳುತ್ತದೆ. ಅದರ ಕೂದಲಿನಂಥ ಎಳೆಯೊಂದು ಚರ್ಮದ ಕೆಳಗಿರುತ್ತದೆ. ಎಳೆಯ ಮೇಲೆ ಲೇಪಿಸಿರುವ ಕಿಣ್ವ ಗ್ಲೂಕೋಸಿನ ಜೊತೆ ವರ್ತಿಸಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಯಂತ್ರ ಸಂಖ್ಯೆಯಾಗಿ ಮಾರ್ಪಡಿಸಿ ಫೋನಿಗೆ ಕಳಿಸುತ್ತದೆ. ಕಿಣ್ವದಿಂದ ಗ್ಲೂಕೋಸ್ ಅಳೆಯುವ ಈ ಉಪಾಯವನ್ನು ಲೀಲೆಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯಾನ್ಸ್ 1962ರಲ್ಲೇ ವಿವರಿಸಿದ್ದರು. ನಾನು ಬಳಸುವ ಸೆನ್ಸರಿನ ಆಯಸ್ಸು 14 ದಿನ.

ಇಲ್ಲಿ ಗಮನಿಸಬೇಕಾದ ಸಂಗತಿ, ಅದು ಅಳೆಯುವುದು ರಕ್ತವನ್ನಲ್ಲ. ಜೀವಕೋಶಗಳ ನಡುವೆ ಇರುವ ದ್ರವವನ್ನು. ರಕ್ತದಲ್ಲಿ ಆದ ಬದಲಾವಣೆ ಆ ದ್ರವಕ್ಕೆ ತಲುಪಲು ಕೆಲವು ನಿಮಿಷ ಬೇಕು. ಸಕ್ಕರೆ ಜೋರಾಗಿ ಏರುವಾಗ, ಇಳಿಯುವಾಗ ಪರದೆಯ ಮೇಲಿನ ಸಂಖ್ಯೆ ಸ್ವಲ್ಪ ಹಿಂದಿನ ಸುದ್ದಿ. ಸೆನ್ಸರ್ ಇರುವ ತೋಳನ್ನು ಅದುಮಿಕೊಂಡು ಮಲಗಿದರೆ ಆ ಜಾಗದ ದ್ರವ ಸರಿಯಾಗಿ ಹರಿಯದೆ, ಇಲ್ಲದ ಇಳಿತವೂ ಕಾಣಿಸಿಕೊಳ್ಳುತ್ತದೆ. ಲಕ್ಷಣಕ್ಕೂ ಸಂಖ್ಯೆಗೂ ಹೊಂದದಿದ್ದರೆ ಬೆರಳು ಚುಚ್ಚಿ ನೋಡಿ ಎಂದು ವೈದ್ಯರು ಹೇಳುವುದು ಅದಕ್ಕೇ. ಅಂದರೆ ಈ ನಿರೂಪಕ ಸುಳ್ಳುಗಾರನಲ್ಲ. ಆದರೆ ಘಟನೆ ನಡೆದ ಜಾಗದ ಪಕ್ಕದ ಕೋಣೆಯಲ್ಲಿ ಕೂತು, ಗೋಡೆಯಾಚೆಯ ಸದ್ದು ಕೇಳಿ ವರದಿ ಒಪ್ಪಿಸುವವನು.

14 ದಿನ ಮುಗಿದಾಗ ಅವನು ಒಂದು ಪುಟದ ವರದಿ ಕೊಡುತ್ತಾನೆ. ಆ ಪುಟದ ರೂಪ ಕುತೂಹಲಕರವಾದದ್ದು. 14 ದಿನಗಳನ್ನು ಒಂದರ ಮೇಲೊಂದು ಮಡಚಿ, 24 ಗಂಟೆಗಳ ಒಂದೇ ದಿನವನ್ನಾಗಿ ಮಾಡಿರುತ್ತಾನೆ. ನಡುವೆ ಒಂದು ದಪ್ಪ ಗೆರೆ, ಅದರ ಆಚೀಚೆ ನೆರಳಿನ ಪಟ್ಟಿಗಳು. ಪಕ್ಕದಲ್ಲಿ, 70ರಿಂದ 180 ಮಿಲಿಗ್ರಾಂ ನಡುವೆ ಎಷ್ಟು ಹೊತ್ತು ಇದ್ದಿತು ಎಂಬ ಲೆಕ್ಕ. ಟೈಪ್ 1 ಇರುವ ಹೆಚ್ಚಿನ ವಯಸ್ಕರಿಗೆ ಇದು ಶೇ. 70ಕ್ಕಿಂತ ಹೆಚ್ಚಿರಲಿ ಎಂಬುದು 2019ರ ಅಂತರರಾಷ್ಟ್ರೀಯ ತಜ್ಞರ ಒಮ್ಮತ.

ಆ ದಪ್ಪ ಗೆರೆಯ ದಿನವನ್ನು ಯಾರೂ ಬದುಕಿಲ್ಲ. ಅದರಲ್ಲಿ ಸೋಮವಾರವಿಲ್ಲ, ಹಬ್ಬವಿಲ್ಲ, ಮಾರ್ಗದರ್ಶಕರ ಮುಂದೆ ಅಧ್ಯಾಯ ಒಪ್ಪಿಸಿದ ಮಧ್ಯಾಹ್ನವಿಲ್ಲ. ಯುಗಾದಿಯ ಒಬ್ಬಟ್ಟು ತಿಂದು ಮುಟ್ಟಿದ 260 ಮತ್ತು ವೈರಲ್ ಜ್ವರದಲ್ಲಿ ಗಂಜಿ ಕುಡಿದು ಮುಟ್ಟಿದ 260 ಅಲ್ಲಿ ಒಂದೇ ಎತ್ತರ. ಏನೂ ತಿನ್ನದೆಯೂ ಬೆಳಗಿನ ಜಾವ ಸಕ್ಕರೆ ಏರುವುದುಂಟು. ದೇಹ ಏಳಲು ಸಿದ್ಧವಾಗುವಾಗ ಬಿಡುಗಡೆಯಾಗುವ ಹಾರ್ಮೋನುಗಳು ಅದಕ್ಕೆ ಕಾರಣ. ಗೆರೆ ಏರಿದ್ದನ್ನು ವರದಿ ಹೇಳುತ್ತದೆ, ಯಾಕೆ ಏರಿತೆಂದು ಹೇಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವವರು ಓದುಗರು. ನಮ್ಮಲ್ಲಿ ಬಹುತೇಕ ಓದುಗರ ಬಳಿ ಇರುವ ಪ್ರಶ್ನೆ ಒಂದೇ: ‘ಏನ್ ತಿಂದೆ?’

ಹಾಗೆಂದು ಯಂತ್ರ ಬೇಡ, ದೇಹದ ಮಾತು ಕೇಳಿ ಎನ್ನುವ ಧಾಟಿಯಲ್ಲಿ ನಾನು ಬರೆಯಲಾರೆ. ಅದು ಇನ್ಸುಲಿನ್ ಬೇಕಿಲ್ಲದವರ ಐಷಾರಾಮ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿರುತ್ತದೆ. ಹೊರಗಿನ ಇನ್ಸುಲಿನ್ ಇಲ್ಲದೆ ಬದುಕಿಲ್ಲ, ಅದೇ ಇನ್ಸುಲಿನ್ ಸ್ವಲ್ಪ ಹೆಚ್ಚಾದರೂ ಅಪಾಯ. 17ನೇ ವಯಸ್ಸಿನಲ್ಲಿ ನನಗೆ ಈ ಕಾಯಿಲೆ ಬಂದಾಗ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಳ್ಳುತ್ತಿದ್ದೆ. ಆ ನಾಲ್ಕು ಚುಕ್ಕೆಗಳ ನಡುವಿನ ಕತ್ತಲೆಯಲ್ಲಿ ಏನಾಗುತ್ತಿತ್ತೋ ಗೊತ್ತಿರಲಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೂ ಏರಿಳಿತಗಳನ್ನು ಸಮಮಾಡಿಬಿಡುತ್ತದೆ. ಕಳೆದ ಮಳೆಗಾಲದಲ್ಲಿ ಹಾಸ್ಟೆಲಿನ ರೂಮಿನಲ್ಲಿ ಒಬ್ಬಳೇ ಮಲಗಿದ್ದಾಗ ರಾತ್ರಿ ಮೂರಕ್ಕೆ ಅಲಾರಂ ಹೊಡೆದುಕೊಂಡಿತು. ಪರದೆಯ ಮೇಲೆ 52, ಕೆಳಮುಖದ ಬಾಣ. ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕಲಸಲು ಕೈ ನಡುಗುತ್ತಿತ್ತು. ಆ ರಾತ್ರಿಯ ಋಣ ಇಟ್ಟುಕೊಂಡೇ ಈ ವಿಮರ್ಶೆ.

ಅಲಾರಂ ನಿಲ್ಲಿಸುವ ಮೊದಲೇ ಅಮ್ಮನ ಫೋನ್ ಬಂದಿತ್ತು. ನನ್ನ ಸಂಖ್ಯೆಗಳು ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿರುವ ಅವರ ಮೊಬೈಲಿಗೂ ಹೋಗುತ್ತವೆ. ಅಮ್ಮ ಹೇಳಿದ್ದು ಇಷ್ಟು: ‘ನಿಂಗೆ ಇಳೀತಾ ಐತೆ ಕಣಮ್ಮ, ಏನಾದ್ರೂ ಬಾಯಿಗೆ ಹಾಕ್ಕೊ.’ ಆ ‘ನಿಂಗೆ’ ನನ್ನ ಕಿವಿಯಲ್ಲಿ ಉಳಿದಿದೆ. ‘ನೀನು ಲೋ ಆಗಿದೀಯ’ ಎನ್ನುವುದಕ್ಕೂ ಇದಕ್ಕೂ ಇರುವ ಅಂತರ ಚಿಕ್ಕದಲ್ಲ. ಅಮ್ಮನ ವಾಕ್ಯದಲ್ಲಿ ಇಳಿಯುತ್ತಿರುವುದು ಸಕ್ಕರೆ, ನಾನು ಅದು ಆಗುತ್ತಿರುವ ಜಾಗ. ವಾಕ್ಯದ ದ್ವಿತೀಯಾರ್ಧದಲ್ಲಿ ತಪ್ಪು ಯಾರದೆಂಬ ವಿಚಾರಣೆಯಿಲ್ಲ, ಮುಂದಿನ ಕೆಲಸವಿದೆ.

ಸೂಸನ್ ಸೊಂಟಾಗ್ 1978ರಲ್ಲಿ ಪ್ರಕಟಿಸಿದ ‘ಇಲ್‌ನೆಸ್ ಆ್ಯಸ್ ಮೆಟಫರ್’ ಕೃತಿಯಲ್ಲಿ ಕ್ಷಯ ಮತ್ತು ಕ್ಯಾನ್ಸರ್‌ಗಳ ಸುತ್ತ ಬೆಳೆದ ರೂಪಕಗಳನ್ನು ಕಳಚುತ್ತಾರೆ. ಕಾಯಿಲೆಯನ್ನು ಸ್ವಭಾವದ ಫಲವೆಂದೋ ಶಿಕ್ಷೆಯೆಂದೋ ಓದುವುದು ರೋಗಿಗೆ ಮಾಡುವ ಎರಡನೇ ಗಾಯ ಎಂಬುದು ಅವರ ವಾದದ ಒಳತಿರುಳು. ಮೊದಲ ನೋಟಕ್ಕೆ ಸೆನ್ಸರ್ ಈ ಆಸೆಯನ್ನು ಪೂರೈಸಿದಂತಿದೆ. ಅಲ್ಲಿ ರೂಪಕವೇ ಇಲ್ಲ, ಬರೀ ಅಂಕಿ. ಆದರೆ ಅಂಕಿಯನ್ನು ಮುಗ್ಧವಾಗಿ ಓದುವ ಸಮಾಜ ನಮ್ಮದಲ್ಲ. ಎಸ್ಸೆಸ್ಸೆಲ್ಸಿಯಿಂದ ನೆಟ್ ಪರೀಕ್ಷೆಯವರೆಗೆ ಅಂಕಿಯಿಂದಲೇ ಮಕ್ಕಳ ಯೋಗ್ಯತೆ ಅಳೆಯುವ ನಮಗೆ ಶೇ. 70 ಕಂಡರೆ ಕಾಣುವುದು ಫಸ್ಟ್ ಕ್ಲಾಸ್. ನನ್ನ ಶೇ. 61 ನೋಡಿದ ಬಂಧುವೊಬ್ಬರು ‘ಇನ್ನೊಂಚೂರು ಕಷ್ಟಪಡಬೇಕು’ ಎಂದರು. ಸೆನ್ಸರಿನ ವರದಿ ನಮ್ಮಲ್ಲಿ ಅಂಕಪಟ್ಟಿಯ ರೂಪಕದೊಳಗೆ ಸೇರಿಕೊಂಡಿದೆ.

ಇದಕ್ಕೆ ಒಳ್ಳೆಯ ಉತ್ತರ ಇರುವುದು ಡಚ್ ಚಿಂತಕಿ ಅನ್ನಮರಿ ಮೋಲ್ ಅವರ ‘ದ ಲಾಜಿಕ್ ಆಫ್ ಕೇರ್’ (2008) ಕೃತಿಯಲ್ಲಿ. ನೆದರ್ಲೆಂಡ್ಸಿನ ಮಧುಮೇಹಿಗಳ ಚಿಕಿತ್ಸೆಯನ್ನು ಹತ್ತಿರದಿಂದ ನೋಡಿ ಬರೆದ ಪುಸ್ತಕ ಅದು. ಆಯ್ಕೆಯ ತರ್ಕ ಒಂದು, ಆರೈಕೆಯ ತರ್ಕ ಇನ್ನೊಂದು ಎನ್ನುತ್ತಾರೆ ಅವರು. ಆಯ್ಕೆಯ ತರ್ಕದಲ್ಲಿ ಮಾಹಿತಿ ಮೊದಲು ಬರುತ್ತದೆ, ನೀವು ನಿರ್ಧರಿಸುತ್ತೀರಿ, ಫಲ ಕೆಟ್ಟರೆ ಹೊಣೆ ನಿಮ್ಮದು. ಆರೈಕೆಯ ತರ್ಕದಲ್ಲಿ ಗುರಿಯ ಸಂಖ್ಯೆಯೇ ದಿನದಿನದ ಬದುಕಿನ ಜೊತೆ ಹೊಂದಿಸಿಕೊಳ್ಳಬೇಕಾದದ್ದು. ಪ್ರಯತ್ನ ಸೋತರೆ ಮತ್ತೊಂದು ಪ್ರಯತ್ನ, ಅಷ್ಟೇ. ಅಮ್ಮನ ‘ಏನಾದ್ರೂ ಬಾಯಿಗೆ ಹಾಕ್ಕೊ’ ಈ ತರ್ಕದ್ದೇ ಮಾತು.

ಆದರೆ ಮೋಲ್ ಅವರನ್ನು ಇಲ್ಲಿ ಕೂತು ಓದುವಾಗ ಒಂದು ತಕರಾರು ಏಳುತ್ತದೆ. ಆರೈಕೆಗೆ ಸಮಯ ಬೇಕು, ಜೊತೆಯಲ್ಲಿ ಕೂತು ನೋಡುವವರು ಬೇಕು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಮಧುಮೇಹ ಇರುವವರು 10.1 ಕೋಟಿ. ನಾನು ಹೋಗುವ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಎರಡು ಗಂಟೆ ಕಾದರೆ ವೈದ್ಯರ ಎದುರು ಸಿಗುವುದು ಐದು ನಿಮಿಷ. ಐದು ನಿಮಿಷದಲ್ಲಿ ಯಾವ ಪಠ್ಯವಾದರೂ ಅಂಕಪಟ್ಟಿಯಾಗುತ್ತದೆ. ಇನ್ನು ಹಣ. ಹದಿನೈದು ದಿನದ ಸೆನ್ಸರಿಗೆ ನಾಲ್ಕೈದು ಸಾವಿರ ರೂಪಾಯಿ. ಫೆಲೋಶಿಪ್ ತಿಂಗಳುಗಟ್ಟಲೆ ತಡವಾದಾಗ ನಾನು ಬೆರಳು ಚುಚ್ಚುವುದಕ್ಕೆ ಮರಳುತ್ತೇನೆ. ನನ್ನ ಗ್ರಾಫಿನಲ್ಲಿ ಆ ತಿಂಗಳುಗಳು ಹರಿದುಹೋದ ಪುಟಗಳು. ‘ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ’ ಎಂಬ ಜಾಹೀರಾತಿನ ವಾಕ್ಯ ಆ ಪುಟಗಳ ಬಗ್ಗೆ ಮೌನವಾಗಿರುತ್ತದೆ. ಈಗಂತೂ ಮಧುಮೇಹವೇ ಇಲ್ಲದವರಿಗೂ ಸೆನ್ಸರ್ ಮಾರುತ್ತಿದ್ದಾರೆ. ಇನ್ಸುಲಿನ್ ಬಳಸದ ವಯಸ್ಕರು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಹುದಾದ ಸೆನ್ಸರಿಗೆ 2024ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಅವರಿಗೆ ಇದು ತಮ್ಮನ್ನು ಸುಧಾರಿಸಿಕೊಳ್ಳುವ ಆಟದ ಸ್ಕೋರು. ನಮಗೆ ಅದೇ ಪರದೆ ಬದುಕಿನ ಕಾವಲು. ಎರಡನ್ನೂ ಒಂದೇ ಭಾಷೆಯಲ್ಲಿ ಹೇಳಿದಾಗ ಸ್ಕೋರಿನ ಭಾಷೆಯೇ ಗೆಲ್ಲುತ್ತದೆ.

ಒಂದು ವರ್ಷದಿಂದ ನಾನು ಗ್ರಾಫಿನ ಜೊತೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಗೆರೆ ವಿಪರೀತ ಏರಿದ, ಇಳಿದ ಕಡೆ ಒಂದೊಂದು ಸಾಲು. ‘ಅತ್ತಿಗೆಯ ಸೀಮಂತ, ಎರಡು ಚಿರೋಟಿ.’ ‘ಮುಟ್ಟಿನ ಹಿಂದಿನ ದಿನ, ಇನ್ಸುಲಿನ್ ನಾಟಲಿಲ್ಲ.’ ‘ಮೆಸ್ಸಿನ ಮುದ್ದೆ ಎಂದಿಗಿಂತ ದೊಡ್ಡದು.’ ‘ಬಸ್ಸು ಕೆಟ್ಟು ಗುಬ್ಬಿಯಲ್ಲಿ ಮೂರು ಗಂಟೆ.’ ಅಡಿಟಿಪ್ಪಣಿ ಬರೆಯುವುದು ನಮ್ಮ ವೃತ್ತಿಯ ಚಟ ಎಂದು ಗೆಳತಿ ನಗುತ್ತಾಳೆ. ಆದರೆ ಆ ಐದು ನಿಮಿಷದಲ್ಲಿ ನೋಟ್‌ಬುಕ್ಕನ್ನೂ ಮುಂದಿಟ್ಟ ಮೇಲೆ ವೈದ್ಯರ ಮಾತಿನ ಕಾಲ ಬದಲಾಯಿತು. ‘ಯಾಕೆ ಹೀಗಾಯ್ತು’ ಎನ್ನುತ್ತಿದ್ದವರು ‘ಮುಂದಿನ ತಿಂಗಳು ಆ ಎರಡು ದಿನ ಎರಡು ಯೂನಿಟ್ ಜಾಸ್ತಿ ತಗೊಂಡು ನೋಡೋಣ’ ಎಂದರು. ಆ ‘ನೋಡೋಣ’ದಲ್ಲಿ ಇಬ್ಬರಿದ್ದಾರೆ.

ಇಂಥ ಆ್ಯಪ್‌ಗಳನ್ನು ಕನ್ನಡಕ್ಕೆ ತರುವವರು ಅಮ್ಮನ ವಿಭಕ್ತಿಯನ್ನು ಬಿಡಬಾರದು. ‘ನೀವು ಗುರಿಯಿಂದ ಹೊರಗಿದ್ದೀರಿ’ ಎಂದು ಬರೆಯುವ ಜಾಗದಲ್ಲಿ ‘ನಿಮಗೆ ಸಕ್ಕರೆ ಏರುತ್ತಿದೆ’ ಎಂದು ಬರೆಯಲು ಹೆಚ್ಚು ಅಕ್ಷರವೇನೂ ಬೇಕಾಗುವುದಿಲ್ಲ. ರಾತ್ರಿ ಮೂರು ಗಂಟೆಗೆ ಕಣ್ಣು ಬಿಟ್ಟು ಅದನ್ನು ಓದುವವರಿಗೆ, ಮೊದಲು ತಮ್ಮನ್ನು ಸಮರ್ಥಿಸಿಕೊಳ್ಳಬೇಕೋ ಅಥವಾ ಎದ್ದು ಹೋಗಿ ಇನ್ಸುಲಿನ್ ಪೆನ್ ಹುಡುಕಬೇಕೋ ಎಂಬುದು ಆ ಒಂದು ಪ್ರತ್ಯಯದಲ್ಲಿರುತ್ತದೆ.