ಅರಿವಳಿಕೆಯೂ ಅಫೀಮಿನ ಹಿಂತೆಗೆತವೂ: ಒಂದು ವಿಮರ್ಶೆ

ಅಫೀಮು ವರ್ಗದ ಮದ್ದಿಗೆ ಒಗ್ಗಿದ ಪ್ರಾಣಿಗೆ ಆ ಮದ್ದು ತಪ್ಪಿದಾಗ ಉಂಟಾಗುವ ಬಾಧೆಯನ್ನು ಅರಿವಳಿಕೆಯು ನಿಜವಾಗಿ ತಗ್ಗಿಸುವುದೋ, ಅಥವಾ ನಮ್ಮ ಕಣ್ಣಿಗೆ ಮರೆಮಾಡುವುದೋ? ಇಂಥ ಪ್ರಯೋಗಗಳನ್ನು ಓದುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಮಾರ್ಫಿನಿಗೆ ಒಗ್ಗಿಸಿದ ಇಲಿಗೆ ನಾಲೊಕ್ಸೋನ್ ಚುಚ್ಚಿದರೆ ಅದು ಮಾರ್ಫಿನನ್ನು ಗ್ರಾಹಕಗಳಿಂದ ಹೊರದೂಡುತ್ತದೆ. ಕೆಲವೇ ನಿಮಿಷಗಳಲ್ಲಿ ಇಲಿ ನೆಗೆಯುತ್ತದೆ, ನೆನೆದ ನಾಯಿಯಂತೆ ಮೈ ಕೊಡವುತ್ತದೆ, ಭೇದಿಯಿಂದ ಬಳಲುತ್ತದೆ. ಸಂಶೋಧಕರು ಎಣಿಸುವುದು ಈ ಲಕ್ಷಣಗಳನ್ನೇ. ಆದರೆ ಅರಿವಳಿಕೆಯಲ್ಲಿರುವ ಪ್ರಾಣಿ ನೆಗೆಯಲಾರದು. ನೆಗೆತ ಸೊನ್ನೆಯಾದ ಮಾತ್ರಕ್ಕೆ ಬಾಧೆಯೂ ಸೊನ್ನೆಯಾಯಿತೆನ್ನುವುದು ತರ್ಕದೋಷ. ಅನಗವಾಡಿಯ ಸೇತುವೆಯಿಂದ ನೋಡಿದಾಗ ಘಟಪ್ರಭೆಯ ಮೇಲ್ಮೈ ನಿಶ್ಚಲವೆಂದು ಒಳಹರಿವೇ ಇಲ್ಲವೆನ್ನಲಾದೀತೆ?

ಈ ಸಂದೇಹಕ್ಕೆ ಆಧಾರವುಂಟು. 1978ರಲ್ಲಿ ಅಗಜೇನಿಯನ್ ಅವರು ಅರಿವಳಿಕೆಯಲ್ಲಿದ್ದ ಇಲಿಗಳ ಮೆದುಳುಕಾಂಡದ ಲೋಕಸ್ ಸೆರೂಲಿಯಸ್ ಎಂಬ ಭಾಗದ ನರಕೋಶಗಳನ್ನು ಪರೀಕ್ಷಿಸಿದರು. ಮಾರ್ಫಿನಿಗೆ ಒಗ್ಗಿದ್ದ ಆ ಇಲಿಗಳಲ್ಲಿ ಹಿಂತೆಗೆತವನ್ನು ಪ್ರಚೋದಿಸಿದಾಗ ದೇಹ ನಿದ್ರಿಸುತ್ತಿದ್ದರೂ ನರಕೋಶಗಳ ಮಿಡಿತ ಏರಿತು. ಅದನ್ನು ತಗ್ಗಿಸಿದ್ದು ಅರಿವಳಿಕೆಯಲ್ಲ, ಕ್ಲೋನಿಡಿನ್.

ಹಾಗೆಂದು ಎಲ್ಲ ಅರಿವಳಿಕೆಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಕೆಟಮಿನ್ ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತದೆ. ಅದೇ ಗ್ರಾಹಕವನ್ನು ತಡೆಯುವ ಎಂಕೆ-801 ಎಂಬ ಮದ್ದನ್ನು ಮಾರ್ಫಿನಿನೊಡನೆ ಕೊಟ್ಟರೆ ಇಲಿಗಳಲ್ಲಿ ಅವಲಂಬನೆ ಬೆಳೆಯುವುದು ಕುಗ್ಗುತ್ತದೆಂದು ಟ್ರುಹಿಯೊ ಮತ್ತು ಅಕಿಲ್ 1991ರಲ್ಲಿ ತೋರಿಸಿದರು. ಆದರೆ ಅವಲಂಬನೆ ಬೆಳೆಯದಂತೆ ತಡೆಯುವುದು ಬೇರೆ, ಬೆಳೆದ ಮೇಲಿನ ಬಾಧೆಯನ್ನು ಶಮನಗೊಳಿಸುವುದು ಬೇರೆ. ಈ ಭೇದವನ್ನು ಮರೆತರೆ ತೀರ್ಮಾನ ದಾರಿತಪ್ಪುತ್ತದೆ.

ಇದು ಕೇವಲ ಇಲಿಗಳ ಮಾತಲ್ಲ. ವ್ಯಸನಿಗೆ ಅರಿವಳಿಕೆ ಕೊಟ್ಟು ಮಲಗಿಸಿ, ಯಾತನೆಯನ್ನು ನಿದ್ರೆಯಲ್ಲಿಯೇ ಕಳೆಯಿಸುವ ಚಿಕಿತ್ಸೆಯೊಂದು 1980ರ ದಶಕದ ಕೊನೆಯಲ್ಲಿ ವಿಯೆನ್ನಾದಲ್ಲಿ ತಲೆಯೆತ್ತಿತು. 2005ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 106 ಹೆರಾಯಿನ್ ವ್ಯಸನಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಅರಿವಳಿಕೆ ಪಡೆದವರ ಬಾಧೆ ಬ್ಯುಪ್ರಿನಾರ್ಫಿನ್ ಅಥವಾ ಕ್ಲೋನಿಡಿನ್ ಪಡೆದವರ ಬಾಧೆಗಿಂತ ಕಡಿಮೆಯಾಗಲಿಲ್ಲ. ಬದಲಾಗಿ ಆ ಗುಂಪಿನ ಮೂವರಿಗೆ ಪ್ರಾಣಾಪಾಯ ಒದಗಿತು.

ಆದುದರಿಂದ ಪ್ರಯೋಗಶೀಲರು ಪ್ರಾಣಿ ಎಚ್ಚರಗೊಂಡ ಬಳಿಕವೂ ಲಕ್ಷಣಗಳನ್ನು ಅಳೆಯಬೇಕು. ಅರಿವಳಿಕೆಯನ್ನಷ್ಟೇ ಪಡೆದ ಗುಂಪನ್ನು ಹೋಲಿಕೆಗೆ ಇರಿಸಿಕೊಳ್ಳಬೇಕು. ಚಲನೆಯನ್ನು ನೆಚ್ಚದ ಅಳತೆಗಳನ್ನು ಬಳಸಬೇಕು. ಪ್ರಾಣಿಗಳಿಗೆ ಅನಗತ್ಯ ನೋವನ್ನು ಉಂಟುಮಾಡಬಾರದೆಂಬುದು ನಮ್ಮ ದೇಶದ 1960ರ ಶಾಸನದ ಆಶಯ. ಅರ್ಥ ಹೇಳಲಾರದ ಪ್ರಯೋಗಕ್ಕಾಗಿ ಅನುಭವಿಸಿದ ನೋವು ಅನಗತ್ಯವಲ್ಲದೆ ಮತ್ತೇನು?