ಪ್ರಯೋಗಶಾಲೆಯಿಂದ ಪುರಕ್ಕೆ

ವಿದ್ಯಾಸಂಸ್ಥೆಯೊಂದು ಹೊಸ ಶಕ್ತಿಸಾಧನವನ್ನು ನಿರ್ಮಿಸಿ, ಅದು ನಡೆಯುತ್ತದೆಂದು ತನ್ನ ಆವರಣದಲ್ಲಿ ತೋರಿಸಿಕೊಟ್ಟ ಮಾತ್ರಕ್ಕೆ ಅದರ ಪರೀಕ್ಷೆ ಮುಗಿಯಿತೆಂದು ಭಾವಿಸುವುದು ನಮ್ಮಲ್ಲಿ ರೂಢಮೂಲವಾದ ದೋಷ. ಯಂತ್ರದ ದಕ್ಷತೆಯನ್ನು ಅಳೆಯತಕ್ಕದ್ದು ಪ್ರಯೋಗಶಾಲೆ. ಯಾರ ಬಾಳಿಗೆ ಆ ಯಂತ್ರ ಒದಗಬೇಕೋ ಅವರ ಕೈಯಲ್ಲಿ, ಅವರ ಕಷ್ಟಕಾರ್ಪಣ್ಯಗಳ ಮಧ್ಯೆ ಅದು ನಿಂತೀತೋ ಇಲ್ಲವೋ ಎಂಬುದನ್ನು ನಿರ್ಣಯಿಸತಕ್ಕದ್ದು ಗ್ರಾಮ. ಈ ಎರಡು ನ್ಯಾಯಸ್ಥಾನಗಳಿಗೂ ತನ್ನನ್ನು ಒಪ್ಪಿಸಿಕೊಂಡ ವಿರಳ ಉದ್ಯಮಗಳಲ್ಲಿ ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಒದಗಿಸಲೆಂದು ಹುಟ್ಟಿದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ಒಂದಾದುದರಿಂದ, ಅದರ ಗುಣದೋಷಗಳ ವಿವೇಚನೆ ಇಂದಿಗೂ ಪ್ರಯೋಜನಕರ.

ವಿದ್ಯುದ್ರಸಾಯನಶಾಸ್ತ್ರದಲ್ಲಿ ಜಗದ್ವಿಖ್ಯಾತರಾಗಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ ಈ ಕಾರ್ಯಕ್ಕೆ ಕೈಹಾಕಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದಕ್ಕೊಂದು ಗ್ರಾಮಕೇಂದ್ರ ಏರ್ಪಟ್ಟಿತು. ಸುತ್ತಲಿನ 6 ಹಳ್ಳಿಗಳಲ್ಲಿ ಯಾವ ಮನೆ ಎಷ್ಟು ಸೌದೆ ಸುಡುತ್ತದೆ, ಅದನ್ನು ಹೊತ್ತು ತರುವುದರಲ್ಲಿ ಯಾರ ಎಷ್ಟು ಹೊತ್ತು ಸವೆಯುತ್ತದೆ ಎಂಬುದನ್ನು ಅವರು ತಾಳ್ಮೆಯಿಂದ ತೂಗಿ ಬರೆದರು. ಗ್ರಾಮದ ಶಕ್ತಿಯ ಬಹುಭಾಗ ಕಟ್ಟಿಗೆಯಿಂದಲೇ ಬರುತ್ತಿದ್ದು, ಆ ಕಟ್ಟಿಗೆಯ ಬಹುಭಾಗ ಅಡುಗೆಯ ಒಲೆಯಲ್ಲಿಯೂ ಸ್ನಾನದ ಹಂಡೆಯಡಿಯಲ್ಲಿಯೂ ಉರಿದುಹೋಗುತ್ತಿದ್ದ ಸಂಗತಿ ಹೀಗೆ ಅಂಕಿಗಳಲ್ಲಿ ಸಿದ್ಧವಾಯಿತು. ವೈದ್ಯನು ಮದ್ದನ್ನು ಅರೆಯುವ ಮೊದಲು ನಾಡಿ ಹಿಡಿಯುವಂತೆ ಬಳಕೆಯ ಜ್ಞಾನವನ್ನು ನಿರ್ಮಾಣಕ್ಕೆ ಪೂರ್ವಾಂಗವನ್ನಾಗಿ ಮಾಡಿದ ಈ ಕ್ರಮವೇ ಅಸ್ತ್ರದ ಪ್ರಥಮ ಗುಣ.

ಉಂಗ್ರದ ಬಳಿಯ ಪುರ ಎಂಬ ಊರಿನಲ್ಲಿ ಈ ಗುಣ ಒರೆಗಲ್ಲಿಗೆ ಬಂದಿತು. ಊರಿನ ದನಗಳ ಸಗಣಿಯಿಂದ ಗೋಬರ್ ಅನಿಲವನ್ನು ತೆಗೆದು ಮನೆಮನೆಯ ಅಡುಗೆಗೆ ಹಂಚುವುದು ಮೊದಲ ಸಂಕಲ್ಪವಾಗಿತ್ತು. ಅದಕ್ಕಾಗಿ ಆಳವಾದ ಹಳೆಯ ಮಾದರಿಯ ಗುಂಡಿಯನ್ನು ತಿದ್ದಿ, ಆಳ ಕಡಿಮೆಯಾಗಿ ಅಗಲ ಹೆಚ್ಚಿರುವ ಅಗ್ಗದ ಸ್ಥಾವರವನ್ನು ರೂಪಿಸಿದ್ದೂ ಆಯಿತು. ಸ್ಥಾವರ ನಿರ್ದುಷ್ಟವಾಗಿತ್ತು; ಆದರೆ ಎಲ್ಲ ಮನೆಗಳ ಎರಡು ಹೊತ್ತಿನ ಅಡುಗೆಗೆ ಸಾಲುವಷ್ಟು ಅನಿಲ ಆ ಊರಿನ ಸಗಣಿಯಿಂದ ಒದಗಲಿಲ್ಲ. ಇಂತಹ ಘಟ್ಟದಲ್ಲಿ ಜನರ ಅಸಹಕಾರವನ್ನು ದೂರುತ್ತ ವರದಿ ಬರೆದು ಹಿಂದಿರುಗುವ ಪರಿಪಾಠಕ್ಕೆ ಒಳಗಾಗದೆ ಕಾರ್ಯಕರ್ತರು ಊರವರ ಮಾತನ್ನು ಕೇಳಿದರು. ಊರಿನ ಆದ್ಯ ಬಯಕೆ ಕುಡಿಯುವ ನೀರು. ಅಂತೆಯೇ 1987ರಲ್ಲಿ ಅದೇ ಅನಿಲ, ಡೀಸೆಲ್‌ನೊಡನೆ ಬೆರೆತು ನಡೆಯುವ 5 ಕಿಲೋವ್ಯಾಟಿನ ಎಂಜಿನ್ನಿಗೆ ತಿರುಗಿ, ಕೊಳವೆಬಾವಿಯ ನೀರನ್ನು ಮೇಲಕ್ಕೆತ್ತಿ, ಮನೆಗಳಿಗೆ ದೀಪವನ್ನು ಕೊಟ್ಟಿತು. ಸಗಣಿ ತಂದವರಿಗೆ ತೂಕದ ಮೇಲೆ ಕೂಲಿ ಸಂದಿತು. ಮರಳುಹಾಸಿನಲ್ಲಿ ಸೋಸಿದ ಗೊಬ್ಬರ ಅವರವರ ಪಾಲಿನಂತೆ ಹಿಂದಿರುಗಿತು. ಸಾಮಾನ್ಯ ಕಾರ್ಯಕ್ಕೆ ಹೆಗಲು ಕೊಡದವನು ನೀರನ್ನೂ ಬೆಳಕನ್ನೂ ಕಳೆದುಕೊಳ್ಳಬೇಕಾದ್ದರಿಂದ ಸ್ವಹಿತ ಲೋಕಹಿತಗಳು ಒಂದೇ ದಾರಿಯಲ್ಲಿ ನಡೆದುವು. ಈ ಸಾಮಾಜಿಕ ವಿನ್ಯಾಸ ಸ್ಥಾವರದ ವಿನ್ಯಾಸಕ್ಕಿಂತ ಹಿರಿದಾದ ಸೃಷ್ಟಿಯೆಂಬುದು ನನ್ನ ದೃಢವಾದ ಮತ.

ಹತ್ತಿರದ ಹೊಸಹಳ್ಳಿಯಲ್ಲಿ 1988ರಿಂದ ನಡೆದ ಕಟ್ಟಿಗೆಯ ಅನಿಲೀಕರಣವೂ ಇದೇ ಪಂಕ್ತಿಯದು. ಸಂಸ್ಥೆಯ ದಹನಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಹದಗೊಳಿಸಿದ ಅನಿಲೀಕರಣ ಯಂತ್ರಕ್ಕೆ ಊರಿನ ನೆಡುತೋಪೇ ಇಂಧನವನ್ನು ಒದಗಿಸಿತು. ದೀಪ, ನೀರು, ಹಿಟ್ಟಿನ ಗಿರಣಿಗಳನ್ನು ಅದು 14 ವರ್ಷಕ್ಕೂ ಮೀರಿ ನಡೆಸಿತು. ಯಂತ್ರವೊಂದರ ಯೋಗ್ಯತೆಗೆ ಇಂತಹ ದೀರ್ಘಕಾಲದ ಸಾಕ್ಷ್ಯ ಉದ್ಘಾಟನೆಯ ದಿನದ ಸಾವಿರ ಪ್ರಶಂಸೆಗಳಿಗಿಂತ ಬೆಲೆಯುಳ್ಳದ್ದು.

ಗುಣವನ್ನು ಇಷ್ಟು ಮನಸಾರೆ ಒಪ್ಪಿದವನಿಗೆ ದೋಷವನ್ನು ಹೇಳುವ ಹೊಣೆಯೂ ಉಂಟು. ಹಳ್ಳಿಯ ಕಷ್ಟದ ಮೂಲ ಒಲೆಯಲ್ಲಿದೆಯೆಂದು ತಾನೇ ತೂಗಿ ತೋರಿಸಿದ ಕೇಂದ್ರ, ಪುರದಲ್ಲಿ ನೀರನ್ನೂ ಬೆಳಕನ್ನೂ ಕೊಟ್ಟಿತಾದರೂ ಹೊಗೆಯ ಮುಂದೆ ಕುಳಿತ ಹೆಂಗಸಿನ ಸಮಸ್ಯೆ ಆ ಸ್ಥಾವರದಿಂದ ಬಗೆಹರಿಯದೆ ಉಳಿಯಿತು. ಅದಕ್ಕೆಂದು ಬೇರೆಯಾಗಿ ರೂಪಿಸಿದ, 3 ಪಾತ್ರೆಗಳನ್ನಿಡುವ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಸೌದೆಯನ್ನು ಉಳಿಸುವ ಸೊಗಸಾದ ಸಾಧನವೇ ಸರಿ. ಆದರೆ ಅಳತೆ ಕೊಂಚ ತಪ್ಪಿದರೂ ಗುಣಗೆಡುವ ಆ ಒಲೆ, ಅದನ್ನು ಕಟ್ಟಬಲ್ಲ ಕೈಗಳು ಊರೂರಲ್ಲಿ ನೆಲೆಯಾಗಿ ನಿಂತಲ್ಲದೆ ತನ್ನ ಪೂರ್ಣಫಲವನ್ನು ಕೊಡಲಾರದು. ಪುರದ ಸ್ಥಾವರವೂ ವರ್ಷಗಳ ಬಳಿಕ ನಿಂತುಹೋಯಿತು. ಪ್ರದರ್ಶಕರ ಅಕ್ಕರೆಯೇ ಅಲ್ಲಿ ಅದೃಶ್ಯವಾದ ಇಂಧನವಾಗಿತ್ತು. ಅವರು ಕೈಬಿಟ್ಟ ಮೇಲೆ ರಿಪೇರಿ, ಹಣ, ಆಡಳಿತಗಳ ಹೊರೆಯನ್ನು ಹೊರತಕ್ಕವರು ಯಾರೆಂಬ ಪ್ರಶ್ನೆ, ಅನಿಲದ ಪ್ರಮಾಣದಷ್ಟು ಸೂಕ್ಷ್ಮವಾಗಿ ಪರೀಕ್ಷೆಗೆ ಒಳಗಾಗಲಿಲ್ಲ.

ಇಂದು ಅದೇ ಸಂಸ್ಥೆಯಲ್ಲಿ ಅತಿಸಂಧಿಸ್ಥಿತಿಯ (ಸೂಪರ್‌ಕ್ರಿಟಿಕಲ್) ಇಂಗಾಲದ ಡೈಆಕ್ಸೈಡನ್ನು ಸುತ್ತಿಸಿ ಸೌರಶಾಖದಿಂದ ವಿದ್ಯುತ್ತನ್ನು ಪಡೆಯುವ ಮಾರ್ಗಕ್ಕೆಂದು ಪರೀಕ್ಷಾವ್ಯೂಹ ಸಿದ್ಧವಾಗಿರುವುದು ಹೆಮ್ಮೆಯ ವಿಷಯ. ಆದರೆ ಅಲ್ಲಿಯ ಒತ್ತಡ ತಾಪಗಳ ದಾಖಲೆಯಲ್ಲಿ ತೋರುವ ನಿಷ್ಠೆಯನ್ನೇ ವಿಶ್ವವಿದ್ಯಾನಿಲಯಗಳು ತಮ್ಮ ಪ್ರಾತ್ಯಕ್ಷಿಕೆಗಳ ಹತ್ತನೆಯ ವರ್ಷದ ಸ್ಥಿತಿಗೂ ತೋರಬೇಕು. ನಿಂತುಹೋದ ಸ್ಥಾವರಗಳ ಕಾರಣಗಳನ್ನು ನಡೆದುವುಗಳ ಅಂಕಿಗಳೊಡನೆ ಸಮಾನವಾಗಿ ಪ್ರಕಟಿಸಬೇಕು. ಊರಿಗೆ ಯಂತ್ರ ಕೊಡುವ ದಿನವೇ ಅದನ್ನು ಆಳಬಲ್ಲ ಸ್ಥಳೀಯ ಸಂಘವನ್ನೂ ಕಟ್ಟಿಕೊಡಬೇಕು. ಅಸ್ತ್ರ ತನ್ನ ಮೊದಲ ಸಂಕಲ್ಪವನ್ನು ಜನರ ತೀರ್ಪಿಗೆ ಮಣಿದು ಬದಲಿಸಿತೆಂಬುದು ಅದರ ಅಚಲವಾದ ಕೀರ್ತಿ; ಆ ಮಣಿಯುವಿಕೆಯನ್ನು ಒಂದೆರಡು ಊರುಗಳ ಸುದೈವವಾಗಿ ಬಿಡದೆ ಶಾಸ್ತ್ರದ ನಿಯಮವಾಗಿ ನೆಲೆಗೊಳಿಸುವುದು ಮುಂದಿನವರ ಋಣ.