ಬೊಂಬೆಯ ಮೇಲಣ ಪಾಠ: ಶುಶ್ರೂಷಾ ಶಿಕ್ಷಣದ ಒಂದು ಕ್ರಮದ ವಿಮರ್ಶೆ

ರೋಗಿಯ ಮೈಮುಟ್ಟುವ ಮೊದಲು ಬೊಂಬೆಯ ಮೇಲೆ ಕೈ ಪಳಗಬೇಕೆಂಬ ವಿಚಾರ ಹೊಸದಲ್ಲ. ಫ್ರಾನ್ಸಿನ ಸೂಲಗಿತ್ತಿ ದು ಕುದ್ರೇ ಎಂಬಾಕೆ 1759ರಲ್ಲಿ ಹದಿನೈದನೆಯ ಲೂಯಿಯ ಅಪ್ಪಣೆ ಪಡೆದು, ಬಟ್ಟೆ ಚರ್ಮಗಳಿಂದ ಮಾಡಿದ ಆಕೃತಿಯೊಡನೆ ಊರೂರು ತಿರುಗಿ ಹಳ್ಳಿಯ ಹೆಂಗಸರಿಗೆ ಹೆರಿಗೆಯ ವಿದ್ಯೆಯನ್ನು ಕಲಿಸಿದಳು. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗೆ 'ಮಿಸೆಸ್ ಚೇಸ್' ಎಂಬ ಆಳೆತ್ತರದ ಬೊಂಬೆ ಬಂದಿತು. ಭಾರತೀಯ ಶುಶ್ರೂಷಾ ಪರಿಷತ್ತಿನ 2021ರ ಪರಿಷ್ಕೃತ ಪಠ್ಯಕ್ರಮವೂ ಈ ಕ್ರಮಕ್ಕೆ, ಎಂದರೆ ಸಿಮ್ಯುಲೇಷನ್ನಿಗೆ, ಸ್ಥಾನವನ್ನಿತ್ತಿರುವುದು ಸ್ವಾಗತಾರ್ಹವೇ. ಕಲಿಯುವವರ ತಪ್ಪಿಗೆ ರೋಗಿಯು ಬೆಲೆ ತೆರಬಾರದೆಂಬ ನೀತಿ ಇದರ ಮೂಲದಲ್ಲಿದೆ.

ಆದರೆ ಬೊಂಬೆಯು ಮುಖ್ಯವಾಗಿ ಪರೀಕ್ಷಿಸುವುದು ಕೈಯ ಚಾತುರ್ಯವನ್ನು. ಅಷ್ಟೇ ಸಾಲದೆಂಬುದಕ್ಕೆ ಬಳ್ಳಾರಿಯೇ ನಿದರ್ಶನ. 2024ರ ನವೆಂಬರಿನಲ್ಲಿ ಇಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಗೊಳಗಾದ ಐವರು ಬಾಣಂತಿಯರು ಕೆಲವೇ ವಾರಗಳೊಳಗೆ ತೀರಿಕೊಂಡರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಿದ್ದಿತು. ಸರ್ಕಾರವು ಅದರ ಬಳಕೆಯನ್ನು ತಡೆದು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟಿತು. ಬಾಟಲಿಯೊಳಗೆ ದೋಷವಿದ್ದರೆ ಎಷ್ಟು ಪಳಗಿದ ಕೈಯೂ ಅದನ್ನು ತಿದ್ದಲಾರದು. ಅಂಥಲ್ಲಿ ದಾದಿಯಿಂದಾಗುವ ಕೆಲಸವೇ ಬೇರೆ: ಬಾಣಂತಿಗೆ ಮೂತ್ರ ಕಡಮೆಯಾದುದನ್ನು ಗಮನಿಸುವುದು, ಪಕ್ಕದ ಹಾಸಿಗೆಯಲ್ಲಿಯೂ ಅದೇ ಲಕ್ಷಣ ಕಂಡರೆ ಎರಡನ್ನೂ ಕೂಡಿಸಿ ನೋಡುವುದು, ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ಬರೆದಿಡುವುದು, 'ಇದನ್ನು ನಿಲ್ಲಿಸೋಣ' ಎಂದು ಮೇಲಿನವರಿಗೆ ಹೇಳುವುದು. ದಾಖಲೆಯಿಲ್ಲದೆ ಕಾರಣವನ್ನು ನಿರ್ಣಯಿಸಲಾಗದೆಂಬುದನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಬಲ್ಲೆವು. ವಾರ್ಡಿನ ಕಾಗದಕ್ಕೂ ಈ ಮಾತು ಸಲ್ಲುತ್ತದೆ.

ಆದಕಾರಣ ಅಭ್ಯಾಸದ ಸನ್ನಿವೇಶಗಳನ್ನು ಈ ಜಿಲ್ಲೆಯಿಂದಲೇ ಆರಿಸಬೇಕೆಂದು ನಮ್ಮ ಮತ. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ಕಳುಹಿಸಿದ ಗರ್ಭಿಣಿಯೊಬ್ಬಳು ರಾತ್ರಿ ಆಂಬುಲೆನ್ಸಿನಿಂದ ಇಳಿಯುತ್ತಾಳೆನ್ನೋಣ. ಔಷಧವನ್ನು ಯಾವ ವೇಳೆಗೆ ಕೊಟ್ಟರೆಂಬುದು ಚೀಟಿಯಲ್ಲಿಲ್ಲ, ಜತೆಗೆ ಬಂದ ತಾಯಿಗೆ ತೆಲುಗಲ್ಲದೆ ಬೇರೆ ಮಾತು ಬಾರದು, ವೈದ್ಯರು ಅವಸರದಲ್ಲಿದ್ದಾರೆ. ವಿದ್ಯಾರ್ಥಿನಿಯು ಕೇಳುವಳೋ, ಸುಮ್ಮನಿರುವಳೋ? ಇದನ್ನು ಕಲಿಸಲು ಬೆಲೆಬಾಳುವ ಯಂತ್ರ ಬೇಡ. ಒಂದು ಮಂಚ, ರೋಗಿಯ ಪಾತ್ರ ವಹಿಸುವ ಸಹಪಾಠಿ, ನಡೆದುದನ್ನು ದೂಷಣೆಯಿಲ್ಲದೆ ಚರ್ಚಿಸಬಲ್ಲ ಅಧ್ಯಾಪಕರು ಇದ್ದರೆ ಸಾಕು.

ಇನ್ನೊಂದು ಮಾತು. ಕೇಳಲು ಕಲಿತ ದಾದಿಯ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಲು ವೈದ್ಯ ವಿದ್ಯಾರ್ಥಿಗಳೂ ಕಲಿಯದಿದ್ದರೆ ಈ ಶ್ರಮವೆಲ್ಲ ವ್ಯರ್ಥ. 1961ರಿಂದಲೂ ವೈದ್ಯಕೀಯ ಕಾಲೇಜನ್ನು ಪಡೆದಿರುವ ಬಳ್ಳಾರಿಯಲ್ಲಿ ಇಬ್ಬರನ್ನೂ ಒಂದೇ ಕೊಠಡಿಯಲ್ಲಿ ಕೂಡಿಸಿ ಪಾಠ ಹೇಳುವುದು ಅಸಾಧ್ಯವಾಗಲಾರದು.